ಗುಬ್ಬಿಯಿಂದ ಬಂದ ಹಳೇ ಲೆನ್ಸು

ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಿನ ವಿನ್ಯಾಸದ ಒಂದು ಲೆನ್ಸಿಗೆ ಇಪ್ಪತ್ತೇಳು ಸಾವಿರ ಕೊಟ್ಟೆ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹಳೇದ್ಯಾಕೆ ಗುರು?" ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ಮೂಲ ಕಾರಣ ನಮ್ಮಪ್ಪ.

ನಮ್ಮ ಮನೆ ತುಮಕೂರಿನ ಸತ್ಯಮಂಗಲದಲ್ಲಿ. ವಾರಕ್ಕೆ ಮೂರು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರ್ತೀನಿ, ಉಳಿದ ದಿನ ಮನೆಯಿಂದಲೇ ಕೆಲಸ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ವಿಆರ್‌ಎಸ್ ತಗೊಂಡು, ಆಮೇಲೆ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ, ಈಗ ಅದನ್ನೂ ಬಿಟ್ಟು ಮನೆಯಲ್ಲಿದ್ದಾರೆ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ತಾರೆ ಅಂತ ಸುದ್ದಿ ಬಂದ ದಿನ ಅವರು ಟಿವಿ ಆಫ್ ಮಾಡಿ ಹೊರಗೆ ಹೋಗಿದ್ದು ನೆನಪಿದೆ. ಅದರ ಬಗ್ಗೆ ಆಮೇಲೆ ಮಾತಾಡಿದ್ದೇ ಇಲ್ಲ.

ಅಪ್ಪನಿಗೆ ಇರುವ ಒಂದೇ ಹುಚ್ಚು ನಾಟಕ. ತುಮಕೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ನಮ್ಮ ಕಡೆ 'ಕುರುಕ್ಷೇತ್ರ' ಅಂದರೆ ಪಾತ್ರಧಾರಿಗಳಿಗೆ ಯಾರೂ ಸಂಭಾವನೆ ಕೊಡಲ್ಲ, ಪಾತ್ರಧಾರಿಗಳೇ ದುಡ್ಡು ಹಾಕಿ ಪಾತ್ರ ತಗೋಬೇಕು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈನಿಕನಿಗೂ ಇಷ್ಟು ಅಂತ ಲೆಕ್ಕ. ಆ ದುಡ್ಡಲ್ಲೇ ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ತಬಲ, ಸೀನರಿ, ಡ್ರೆಸ್ಸು ಎಲ್ಲ ಆಗಬೇಕು. ತಿಂಗಳುಗಟ್ಟಲೆ ರಾತ್ರಿ ತಾಲೀಮು. ಅಪ್ಪ ಇಷ್ಟು ವರ್ಷ ಕಡಿಮೆ ದುಡ್ಡಿನ ಪಾತ್ರಗಳಲ್ಲೇ ಇದ್ದರು. ಎರಡು ಸಲ ವಿದುರ, ಒಂದು ಸಲ ದ್ರೋಣ, ಮಧ್ಯೆ ಯಾರೋ ಕೈ ಕೊಟ್ಟಾಗ ಸಾತ್ಯಕಿ. ಈ ಸಲ ಅರವತ್ನಾಲ್ಕನೇ ವಯಸ್ಸಿಗೆ ಕರ್ಣನ ಪಾತ್ರ ತಗೊಂಡರು. ಮಂಡಿ ನೋವು, ಶುಗರ್ ಬೇರೆ. "ಇದೇ ಕೊನೆ ಕಣೋ, ಇನ್ಮೇಲೆ ಕಿರೀಟ ಹೊತ್ಕೊಂಡು ನಾಕು ಗಂಟೆ ನಿಂತ್ಕೊಳಕ್ಕಾಗಲ್ಲ" ಅಂದರು.

ಅಪ್ಪ ರಂಗದ ಮೇಲಿರುವ ಫೋಟೋ ನಮ್ಮ ಮನೆಯಲ್ಲಿ ಇರುವುದು ಒಂದೇ. ತೊಂಬತ್ತರ ದಶಕದ್ದು, ನೇರವಾಗಿ ಮುಖಕ್ಕೆ ಫ್ಲ್ಯಾಶ್ ಹೊಡೆದು ತೆಗೆದದ್ದು. ಹಿಂದಿನ ಪರದೆ ಪೂರ್ತಿ ಕಪ್ಪು, ಮುಖ ಸುಣ್ಣ ಬಳಿದ ಗೋಡೆ ಥರ, ಕಣ್ಣು ಮುಚ್ಚಿದೆ. ವಿದುರ ನಿದ್ದೆ ಮಾಡ್ತಿದ್ದಾನೆ ಅಂತ ಅಮ್ಮ ಪ್ರತಿ ಸಲ ನಗ್ತಾರೆ. ಈ ಸಲ ಒಂದಾದರೂ ಸರಿಯಾದ ಫೋಟೋ ತೆಗೀಬೇಕು ಅಂತ ನಾನು ತೀರ್ಮಾನ ಮಾಡಿದ್ದು ಆಗಲೇ.

ಕ್ಯಾಮೆರಾ ಇತ್ತು. ನಿಕಾನ್ ಡಿ7200, ಮೂರು ವರ್ಷದ ಹಿಂದೆ ಸಹೋದ್ಯೋಗಿಯಿಂದ ಕೊಂಡದ್ದು. ಅದರ ಜತೆ ಬಂದ ಜೂಮ್ ಲೆನ್ಸ್ ಹಗಲಲ್ಲಿ ಪರವಾಗಿಲ್ಲ. ತಾಲೀಮಿನ ಕೋಣೆಯಲ್ಲಿ ಒಂದು ರಾತ್ರಿ ಪ್ರಯತ್ನಿಸಿದೆ. ದೂರದಿಂದ ಜೂಮ್ ಮಾಡಿದರೆ ಆ ಲೆನ್ಸಿನ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ 3200 ಇಟ್ಟರೂ ಶಟರ್ ಸೆಕೆಂಡಿನ 1/40ಕ್ಕೆ ಬಂದು ನಿಲ್ತಿತ್ತು. ಸುಮ್ಮನೆ ಕೂತಿರುವ ಧೃತರಾಷ್ಟ್ರನಿಗೆ ಅದು ಸಾಕು. ಕೈ ಬೀಸಿ ಪದ್ಯ ಹೇಳುವ ಕರ್ಣನಿಗೆ ಸಾಲದು. ಎಫ್ 2.8ರ ಲೆನ್ಸ್ ಆದರೆ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತೆ. ಅದೇ ಬೆಳಕಿನಲ್ಲಿ 1/40 ಇದ್ದದ್ದು 1/160 ಆಗುತ್ತೆ. ಬೀಸಿದ ಕೈ ನಿಲ್ಲುತ್ತೆ, ಮುಖ ಅಲುಗಾಡಲ್ಲ. ನನಗೆ ಬೇಕಿದ್ದ ವ್ಯತ್ಯಾಸ ಇಷ್ಟೇ.

ಆದರೆ ಆ ವ್ಯತ್ಯಾಸಕ್ಕೆ ಹೊಸ 70-200 ಎಫ್ 2.8 ಲೆನ್ಸಿನ ಬೆಲೆ ಒಂದೂವರೆ ಲಕ್ಷ ದಾಟುತ್ತೆ. ಮನೆ ಸಾಲದ ಕಂತು, ತಂಗಿಯ ಎಂಎಸ್ಸಿ ಫೀಸು, ಈ ಸಲ ಅಪ್ಪನ ಕರ್ಣನ ದುಡ್ಡು. "ಅಪ್ಪ ಮಗ ಇಬ್ರೂ ಸೇರಿ ಸೈಟು ಮಾರಿಬಿಡಿ" ಅಂತ ಅಮ್ಮ ಆಗಲೇ ಶುರು ಮಾಡಿದ್ದರು. ಬಾಡಿಗೆಗೆ ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ತರಬಹುದಿತ್ತು, ನಾಟಕದ ತಾರೀಕು ಒಂದು ಕಡೆ ನಿಂತಿದ್ದರೆ. ಮೊದಲು ಹಾರ್ಮೋನಿಯಂ ಮೇಷ್ಟ್ರಿಗೆ ಹುಷಾರಿಲ್ಲ ಅಂತ ಮುಂದಕ್ಕೆ ಹೋಯ್ತು, ಆಮೇಲೆ ಭೀಮನ ಮನೆಯಲ್ಲಿ ಸೂತಕ. ಅದಲ್ಲದೆ ತಾಲೀಮಿನ ಫೋಟೋಗಳೂ ನನಗೆ ಬೇಕಿದ್ದವು. ಲುಂಗಿ ಉಟ್ಟ ಅರ್ಜುನ, ಮೊಬೈಲ್ ನೋಡುತ್ತಾ ಕೂತ ದ್ರೌಪದಿ, ಅವು ಬೇರೆಯೇ ಚೆಂದ.

ಹಾಗಾಗಿ ಹಳೆಯದು. ಹಳೆಯದರಲ್ಲಿ ನಾನು ಹುಡುಕಿದ್ದು ನಿಕಾನಿನ ಎಎಫ್ 80-200 ಎಫ್ 2.8 ಡಿ. ಈ ಸಾಲಿನ ಮೊದಲ ಆಟೋಫೋಕಸ್ ಲೆನ್ಸ್ 1988ರಲ್ಲಿ ಬಂತು. ಅದು ಎಳೆದು ದೂಡಿ ಜೂಮ್ ಮಾಡುವ ನಮೂನೆ. ಜೂಮ್‌ಗೊಂದು ಫೋಕಸ್‌ಗೊಂದು ಬೇರೆ ಬೇರೆ ರಿಂಗ್ ಇರುವ ನಮೂನೆ ಬಂದದ್ದು 1997ರ ಸುಮಾರಿಗೆ. ಪತ್ರಿಕೆಯವರು, ಮದುವೆ ಫೋಟೋಗ್ರಾಫರ್‌ಗಳು ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡು ತಿರುಗಿದ ಲೆನ್ಸ್ ಇದು. ಮೈಯೆಲ್ಲ ಲೋಹ, ತೂಕ ಒಂದೂಕಾಲು ಕೆಜಿಗಿಂತ ಜಾಸ್ತಿ.

ಇಂಥ ಲೆನ್ಸು ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತೆ ಅನ್ನುವುದು ನನಗೆ ಲೆನ್ಸಿಗಿಂತ ಸ್ವಾರಸ್ಯ ಅನ್ನಿಸಿದ ವಿಷಯ. ಸಾಫ್ಟ್‌ವೇರ್‌ನವರಿಗೆ ಬೇಗ ಅರ್ಥ ಆಗುತ್ತೆ. ಈ ಲೆನ್ಸಿನ ಒಳಗೆ ಫೋಕಸ್ ಮೋಟಾರ್ ಇಲ್ಲ. ಕ್ಯಾಮೆರಾದ ಬಾಯಿಯಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಒಂದು ಸಣ್ಣ ಮೊಳೆ ಹೊರಗೆ ಚಾಚಿರುತ್ತೆ, ಅದು ಲೆನ್ಸಿನ ಹಿಂಭಾಗದ ಗಾಡಿಗೆ ಕೂತು ತಿರುಗಿಸಿದರೆ ಫೋಕಸ್ ಆಗುತ್ತೆ. ಅಂದರೆ ಮೋಟಾರ್ ಇರುವುದು ಕ್ಯಾಮೆರಾದಲ್ಲಿ. ಅಗ್ಗದ ಡಿ3500, ಡಿ5600 ಥರದ ಕ್ಯಾಮೆರಾಗಳಲ್ಲಿ ಆ ಮೋಟಾರ್ ಇಲ್ಲ. 2018ರಲ್ಲಿ ನಿಕಾನ್ ಮಿರರ್‌ಲೆಸ್ ಜೆಡ್ ಸರಣಿ ತಂದಾಗ, ಹಳೆ ಲೆನ್ಸ್ ಹಾಕಲು ತಾನೇ ಕೊಟ್ಟ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲೂ ಅದನ್ನು ಇಡಲಿಲ್ಲ. 1959ರಿಂದ ಒಂದೇ ಅಳತೆಯಲ್ಲಿ ನಡೆದು ಬಂದ ಎಫ್ ಮೌಂಟ್, ಹೊಸ ಕ್ಯಾಮೆರಾದ ಮೇಲೆ ಕೂರುತ್ತೆ, ಆದರೆ ಈ ಲೆನ್ಸಿಗೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಮಂಟಪದಲ್ಲಿ ಓಡಾಡುವವರಿಗೆ ಅದು ಆಗದ ಮಾತು. ಹೀಗೆ ಗಾಜಿಗೆ ಏನೂ ಆಗದೆ, ಬರೀ ಒಂದು ಮೊಳೆ ಇಲ್ಲದ ಕಾರಣಕ್ಕೆ ಲೆನ್ಸಿನ ಬೆಲೆ ಬಿತ್ತು. ನನ್ನ ಡಿ7200ರಲ್ಲಿ ಆ ಮೊಳೆ ಇದೆ. ನನ್ನ ಲಾಭ ಅಲ್ಲೇ.

ಮೋಟಾರ್ ಇಲ್ಲದಿರುವುದರಿಂದ ಇನ್ನೊಂದು ಅನುಕೂಲವೂ ಇದೆ. ಇದೇ ಸಾಲಿನಲ್ಲಿ ಆಮೇಲೆ ಬಂದ ಎಎಫ್-ಎಸ್ ಲೆನ್ಸಿನೊಳಗೆ ಮೋಟಾರ್ ಇದೆ, ವಯಸ್ಸಾದ ಹಾಗೆ ಅದು ಕೀರಲು ಶುರುವಾಗಿ ಒಂದು ದಿನ ನಿಲ್ಲುತ್ತೆ, ಬಿಡಿಭಾಗ ಸಿಗುವುದು ಕಷ್ಟ. ಇಲ್ಲದೇ ಇರುವುದು ಕೆಡುವುದು ಹೇಗೆ?

ಆನ್‌ಲೈನ್‌ನಲ್ಲಿ ಮೊದಲು ಸಿಕ್ಕಿದ್ದು ಹನ್ನೆರಡು ಸಾವಿರದ ಜಾಹೀರಾತು. ಮಾರುವವನು ತಾನು ಸೇನೆಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಪಾರ್ಸೆಲ್ ಕಳಿಸ್ತೀನಿ, ಮೊದಲು ಅಡ್ವಾನ್ಸ್ ಹಾಕಿ ಅಂದ. ನಮ್ಮ ಸೈನಿಕರ ಹೆಸರಲ್ಲಿ ಎಷ್ಟು ಕಳ್ಳರು ಬದುಕುತ್ತಿದ್ದಾರೋ! ಬ್ಲಾಕ್ ಮಾಡಿದೆ. ಲೆನ್ಸ್ ಕೈಯಲ್ಲಿ ಹಿಡಿಯದೆ ಒಂದು ರೂಪಾಯಿಯೂ ಕೊಡಬೇಡಿ. ಯಾರಾದರೂ ಈಗಾಗಲೇ ಕೊಟ್ಟು ಕೂತಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಎರಡನೆಯದನ್ನು ನೋಡಲು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಹೋದೆ. ಆಫೀಸು ಮುಗಿಸಿ ಸಂಜೆ. ನಿವೃತ್ತ ಹಿರಿಯರು, ತುಂಬ ಒಳ್ಳೆಯವರು, ಹೋದ ಕೂಡಲೇ ಫಿಲ್ಟರ್ ಕಾಫಿ. ಲೆನ್ಸ್ ನೋಡಿದರೆ ನಿನ್ನೆ ಅಂಗಡಿಯಿಂದ ತಂದಂತಿತ್ತು. ಡಬ್ಬ, ವಾರಂಟಿ ಕಾರ್ಡ್, ಒಂದು ಗೀರೂ ಇಲ್ಲದ ಮೈ, ಗಟ್ಟಿ ಚರ್ಮದ ಕೇಸ್. ಹೇಳಿದ ಬೆಲೆ ಮೂವತ್ತೆಂಟು. "ವಿದೇಶಕ್ಕೆ ಹೋದಾಗ ತಂದದ್ದು, ಹತ್ತು ಸಲಾನೂ ಬಳಸಿಲ್ಲ" ಅಂದರು. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಿನ ಒಂದು ಗಾಜಿನ ಅಂಚಿನಿಂದ ನಡುವಿಗೆ ಜೇಡನ ಬಲೆಯಂಥ ಎಳೆಗಳು. ಫಂಗಸ್.

ಬೂಷ್ಟು ಎಲ್ಲ ಕಡೆ ಗಾಳಿಯಲ್ಲಿ ಇದ್ದೇ ಇರುತ್ತೆ. ಅದಕ್ಕೆ ಬೇಕಾದ್ದು ಕತ್ತಲೆ, ತೇವ ಮತ್ತು ಯಾರೂ ಮುಟ್ಟದ ಜಾಗ. ಬೀರುವಿನೊಳಗಿನ ಚರ್ಮದ ಕೇಸ್ ಮೂರನ್ನೂ ಕೊಡುತ್ತೆ. ಚರ್ಮವೇ ತೇವ ಹಿಡಿದಿಟ್ಟುಕೊಳ್ಳುತ್ತೆ. ಬೆಳೆದ ಬೂಷ್ಟು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನು ತಿನ್ನುತ್ತೆ, ತಿಂದ ಮೇಲೆ ಎಷ್ಟು ಒರೆಸಿದರೂ ಆ ಗುರುತು ಹೋಗಲ್ಲ. ಟಾರ್ಚ್ ಅವರ ಕೈಗೇ ಕೊಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. "ನಾನು ಬಳಸಿಯೇ ಇಲ್ಲವಲ್ಲಪ್ಪಾ" ಅಂತ ಅವರು ಹೇಳಿದ್ದು ಬೇಜಾರಾಯ್ತು. ಬೇಗ ತೆಗೆಸಿದರೆ ಉಳಿಯಬಹುದು, ಲೆನ್ಸ್ ಬಿಚ್ಚಿ ತೊಳೆಯುವವರ ಹತ್ತಿರ ತೋರಿಸಿ ಅಂತ ಹೇಳಿ ಎದ್ದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ವಾಚೂ ಹಂಗೇ ಅಲ್ವೇನೋ. ಮದುವೇಲಿ ಕೊಟ್ಟಿದ್ದು ಅಂತ ಪೆಟ್ಟಿಗೇಲಿಟ್ಟು ಇಪ್ಪತ್ತು ವರ್ಷ ಆದ್ಮೇಲೆ ಸರ್ವಿಸ್ಗೆ ತರೋರು. ಒಳಗೆ ಎಣ್ಣೆಯೆಲ್ಲ ಅಂಟಾಗಿ ಕೂತಿರೋದು. ದಿನಾ ಕೀ ಕೊಟ್ಟು ಕಟ್ಕೊಂಡಿರೋನ ಜನತಾ ವಾಚು ನೋಡು, ಗಾಜೆಲ್ಲ ಗೀಚಿರುತ್ತೆ, ಟೈಮ್ ಮಾತ್ರ ಸರಿ." ಆಮೇಲೆ ಅನ್ನ ಕಲಸುತ್ತಾ, "ಮುಂದಿನ ಸಲ ನೋಡಕ್ಕೆ ಹೋಗೋವಾಗ ನಂಗೂ ಹೇಳು" ಅಂದರು.

ಮೂರನೆಯದು ಸಿಕ್ಕಿದ್ದು ಜಾಹೀರಾತಿನಲ್ಲಿ ಅಲ್ಲ. ನಾಟಕದ ಶಕುನಿ ಗುಬ್ಬಿಯವರು. ಅವರ ಮದುವೆ ತೆಗೆದ ಸ್ಟುಡಿಯೋದವರು ಹಳೇ ಸಾಮಾನೆಲ್ಲ ಕೊಡ್ತಿದ್ದಾರೆ ಅಂತ ಅವರೇ ಹೇಳಿದ್ದು. ಶಕುನಿಯ ಮಾತು ನಂಬಿ ಹೋಗಬೇಕಲ್ಲ ಅಂತ ಅಪ್ಪ ನಕ್ಕರು. ಭಾನುವಾರ ಬೆಳಗ್ಗೆ ಇಬ್ಬರೂ ಬೈಕಿನಲ್ಲಿ ಬಿ.ಎಚ್. ರಸ್ತೆ ಹಿಡಿದೆವು. ಗುಬ್ಬಿ ಇಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ಅಪ್ಪ ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆ ತರುತ್ತಿದ್ದ ಕಥೆಯನ್ನು ನೂರನೇ ಸಲ ಹೇಳಿದರು.

ಸ್ಟುಡಿಯೋ ಮಹಡಿ ಮೇಲೆ. ಐವತ್ತೈದರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಗೋಡೆಯಲ್ಲಿ ಬಣ್ಣ ಮಾಸಿದ ಮದುವೆ ಜೋಡಿಗಳು. "ಬನ್ನಿ ಸಾರ್, ಕೂತ್ಕಳಿ" ಅಂತ ಅಪ್ಪನಿಗೆ ಕುರ್ಚಿ ಕೊಟ್ಟು, ನನ್ನ ಮುಂದೆ ಲೆನ್ಸ್ ಇಟ್ಟರು.

ನೋಡಿದರೆ ಯಾರೂ ಮೂವತ್ತು ಸಾವಿರ ಕೊಡುವ ಹಾಗಿರಲಿಲ್ಲ. ಕಪ್ಪು ಬಣ್ಣ ಹೋಗಿ ಅಂಚುಗಳಲ್ಲಿ ಲೋಹ ಹೊಳೀತಿತ್ತು. ಜೂಮ್ ರಬ್ಬರು ಸಡಿಲ. ಮುಂದಿನ ಫಿಲ್ಟರ್ ರಿಂಗಿನ ಹತ್ತಿರ ಸಣ್ಣ ನೆಗ್ಗು. ಮಧ್ಯದ ಒಂದು ರಿಂಗಿಗೆ ಕಪ್ಪು ಟೇಪ್ ಸುತ್ತಿತ್ತು. ನಾನು ಫೋನಿನಲ್ಲಿ ಪಟ್ಟಿ ಬರೆದುಕೊಂಡು ಹೋಗಿದ್ದೆ. ಯಾವ ದೋಷಕ್ಕೆ ಎಷ್ಟು ಕಡಿಮೆ ಕೇಳಬೇಕು ಅಂತ. ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡಿ ಮಾಡಿ ಬಂದ ಅಭ್ಯಾಸ.

ಪಟ್ಟಿ ತೆಗೆಯುವ ಮುಂಚೆಯೇ ಅವರು ಶುರು ಮಾಡಿದರು. "ನೋಡಿ, ರಬ್ಬರು ಹೋಗೈತೆ. ಈ ನೆಗ್ಗು ಚೇಳೂರಿನ ಮದುವೇಲಿ ಕಂಬಕ್ಕೆ ತಾಗಿದ್ದು, ಬಿದ್ದಿದ್ದಲ್ಲ. ಒಳಗೆ ಧೂಳು ಐತೆ, ಫಂಗಸ್ ಇಲ್ಲ, ಟಾರ್ಚ್ ಬಿಟ್ಟು ನೋಡಿ." ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಅವರ ಬಾಯಲ್ಲೇ ಬಂದುಬಿಟ್ಟಿತು. ಕಂಡುಹಿಡಿಯಲು ನನಗೆ ಏನೂ ಉಳಿಯಲಿಲ್ಲ.

ಟೇಪ್ ಯಾಕೆ ಅಂತ ಕೇಳಿದೆ. ಅದು ಆಟೋ ಮತ್ತು ಮ್ಯಾನ್ಯುಅಲ್ ಬದಲಾಯಿಸುವ ರಿಂಗ್. "ಧಾರೆ ಟೈಮಲ್ಲಿ ಕೈ ತಾಗಿ ಎಂಗೆ ಹೋಗ್ಬಿಟ್ರೆ ಮುಗೀತು. ಒಂದು ಸಲ ಎ ಮೇಲಿಟ್ಟು ಟೇಪ್ ಹಾಕ್ದೆ, ಇವತ್ತಿನವರೆಗೂ ಬಿಚ್ಚಿಲ್ಲ." ಈ ಮಾದರಿಯಲ್ಲಿ ಎಲ್ಲರೂ ಹೆದರುವುದು ಇದೇ ರಿಂಗಿಗೆ. ತಿರುಗಿಸಿ ತಿರುಗಿಸಿ ಬಿರುಕು ಬಿಡುತ್ತೆ. ಅವರ ಒಪ್ಪಿಗೆ ತಗೊಂಡು ಟೇಪ್ ಮೆಲ್ಲಗೆ ಬಿಚ್ಚಿದೆ. ಕೆಳಗೆ ಹೊಸದರ ಹಾಗೆ ಇತ್ತು. ಇಡೀ ಲೆನ್ಸಿನಲ್ಲಿ ಅತಿ ಕೊಳಕಾಗಿ ಕಂಡ ಜಾಗ ಅದೊಂದೇ, ಅತಿ ಚೆನ್ನಾಗಿ ಉಳಿದದ್ದೂ ಅದೇ.

ಟಾರ್ಚ್ ಬಿಟ್ಟೆ. ಧೂಳಿನ ಕಣಗಳು ಇದ್ದವು, ಎಳೆ ಇರಲಿಲ್ಲ, ಮಬ್ಬು ಇರಲಿಲ್ಲ. ಧೂಳು ಫೋಟೋದಲ್ಲಿ ಕಾಣಲ್ಲ, ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ, ಹಿಂದಿನ ಸಣ್ಣ ಸನ್ನೆಯನ್ನು ಬೆರಳಲ್ಲಿ ಎಳೆದು ಬಿಟ್ಟೆ. ಎಲೆಗಳು ಚಟ್ಟನೆ ಮುಚ್ಚಿಕೊಂಡವು, ಅವುಗಳ ಮೇಲೆ ಎಣ್ಣೆಯ ಹೊಳಪಿಲ್ಲ. ಎಣ್ಣೆ ಇಳಿದ ಲೆನ್ಸಿನಲ್ಲಿ ಅವು ಸೋಮಾರಿಗಳ ಥರ ನಿಧಾನ ಚಲಿಸ್ತವೆ. ಕ್ಯಾಮೆರಾಕ್ಕೆ ಹಾಕಿ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಹತ್ತು ಸಲ ಫೋಕಸ್ ಓಡಿಸಿದೆ. ಕಿರ್ರ್ ಅಂತ ಸದ್ದು, ಆದರೆ ಎಲ್ಲೂ ತಡವರಿಸಲಿಲ್ಲ. ಆಮೇಲೆ ಗೋಡೆಗೆ ದಿನಪತ್ರಿಕೆ ಅಂಟಿಸಿ, 200ರಲ್ಲಿ ಎಫ್ 2.8 ಇಟ್ಟು ಮೂರು ಮೀಟರ್ ದೂರದಿಂದ ತೆಗೆದೆ. ಈ ಲೆನ್ಸುಗಳಲ್ಲಿ ಕೆಲವು ಹತ್ತಿರದ ವಸ್ತುವಿಗೆ 200ರಲ್ಲಿ ಫೋಕಸನ್ನು ಸ್ವಲ್ಪ ಹಿಂದಕ್ಕೆ ಹಾಕ್ತವೆ. ಇದೂ ಒಂದು ಚೂರು ಹಾಕುತ್ತಿತ್ತು. ಡಿ7200ರಲ್ಲಿ ಅದನ್ನು ಸರಿಪಡಿಸುವ ಫೈನ್ ಟ್ಯೂನ್ ಇದೆ. ಅಲ್ಲೇ ಸರಿ ಮಾಡಿ ನೋಡಿದೆ, ವರ್ಗೀಕೃತ ಜಾಹೀರಾತಿನ ಅಕ್ಷರ ಓದುವಷ್ಟು ಚೂಪಾಯಿತು. ನಾಟಕವನ್ನಂತೂ ನಾನು ಮೂರು ಮೀಟರಿನಿಂದ ತೆಗೆಯಲ್ಲ.

ಅಷ್ಟರಲ್ಲಿ ಅಪ್ಪ ಅಂಗಿ ಜೇಬಿನಿಂದ ತಮ್ಮ ಹಳೇ ಐಗ್ಲಾಸ್ ತೆಗೆದರು. ವಾಚಿನವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಸಣ್ಣ ಭೂತಗನ್ನಡಿ. ಅದನ್ನು ತಂದಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ. ಲೆನ್ಸ್ ತಿರುಗಿಸಿ ಹಿಂದಿನ ಮೌಂಟಿನ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದರು. "ಸ್ಕ್ರೂ ಬಾಯಿ ಒಂದೂ ಕೆಟ್ಟಿಲ್ಲ. ಯಾರೂ ಬಿಚ್ಚಿಲ್ಲ ಇದನ್ನ." ಆಮೇಲೆ ಜೂಮ್ ರಿಂಗನ್ನು ಕಿವಿ ಹತ್ತಿರ ಹಿಡಿದು ತಿರುಗಿಸಿದರು. "ಗ್ರೀಸ್ ಒಣಗಿಲ್ಲ. ಪ್ರತಿ ವಾರ ತಿರುಗಿರೋ ಸಾಮಾನು."

ಸ್ಟುಡಿಯೋದವರು ಅಪ್ಪನ ಐಗ್ಲಾಸನ್ನೇ ನೋಡ್ತಿದ್ದರು. "ಎಚ್‌ಎಂಟಿಯಲ್ಲಿದ್ರಾ ಸಾರ್?" ಅಂದರು. ಅಲ್ಲಿಂದ ಅರ್ಧ ಗಂಟೆ ನನ್ನನ್ನು ಯಾರೂ ಮಾತಾಡಿಸಲಿಲ್ಲ.

ಆ ಅರ್ಧ ಗಂಟೆಯಲ್ಲಿ ಗೊತ್ತಾದದ್ದು: ಅವರು ಆ ಲೆನ್ಸ್ ಕೊಂಡದ್ದು 2008ರಲ್ಲಿ, ಹೊಸದಾಗಿ, ಚೀಟಿ ಎತ್ತಿ. ಅದಕ್ಕೂ ಮುಂಚೆ ಮಂಟಪದ ಹತ್ತಿರ ಹೋಗಿ ಪುರೋಹಿತರ ಬೈಗುಳ ತಿಂದುಕೊಂಡೇ ಫೋಟೋ ತೆಗೀಬೇಕಿತ್ತು. ಇದು ಬಂದ ಮೇಲೆ ದೂರ ನಿಂತು ತೆಗೆದದ್ದಕ್ಕೆ ಹೆಣ್ಣಿನ ಕಣ್ಣೀರು, ಅಪ್ಪನ ಮುಖ ಎಲ್ಲ ಸಿಕ್ಕವು, ಆರ್ಡರ್ ಹೆಚ್ಚಾದವು, ಮನೆಯ ಮೇಲೆ ಮನೆ ಎದ್ದಿತು. ಈಗ ಮಗ ವ್ಯವಹಾರಕ್ಕೆ ಬಂದಿದ್ದಾನೆ, ಜೆಡ್ ಕ್ಯಾಮೆರಾ ತಂದಿದ್ದಾನೆ. ಗಿರಾಕಿಗಳೂ ಡ್ರೋನ್, ರೀಲ್ಸ್, ಸಿನಿಮಾ ಥರ ವಿಡಿಯೋ ಕೇಳ್ತಾರೆ. ಅಡಾಪ್ಟರ್ ಹಾಕಿ ಈ ಲೆನ್ಸ್ ಕೂರಿಸಿ ನೋಡಿದರಂತೆ. "ಕೂರ್ತದೆ, ಅಲ್ಲಾಡಲ್ಲ" ಅಂತ ಅಂದು ಒಂದು ನಿಮಿಷ ಸುಮ್ಮನಾದರು. ಹೊಸ ಲೆನ್ಸಿನ ಡೌನ್ ಪೇಮೆಂಟಿಗೆ ಹಳೆಯ ಕ್ಯಾಮೆರಾ, ಲೆನ್ಸ್, ಫ್ಲ್ಯಾಶು ಎಲ್ಲ ಹೋಗಬೇಕು.

ಬೆಲೆ ಮೂವತ್ತು ಅಂತ ಹೇಳಿದ್ದವರು, ಇಪ್ಪತ್ತೆಂಟು ಕೊಡಿ ಅಂದರು. ನನ್ನ ಪಟ್ಟಿಯ ಲೆಕ್ಕದಲ್ಲಿ ಅದು ಇಪ್ಪತ್ತನಾಲ್ಕೂವರೆ ಆಗಬೇಕಿತ್ತು. ಫೋನ್ ಜೇಬಲ್ಲೇ ಉಳೀತು. ಎದುರಿಗಿರುವ ಮನುಷ್ಯ ಹದಿನೇಳು ವರ್ಷ ದುಡಿದ ಸಾಮಾನು, ತಾನೇ ಅದರ ಒಂದೊಂದು ಗಾಯವನ್ನೂ ತೋರಿಸಿದ್ದಾನೆ. ಅವೇ ಗಾಯಗಳನ್ನು ಮತ್ತೆ ಎಣಿಸಿ ರೂಪಾಯಿ ಕಡಿಮೆ ಮಾಡುವುದು ಸರಿ ಕಾಣಲಿಲ್ಲ. ಹಾಗಂತ ನಮ್ಮ ಮನೆಯಲ್ಲೂ ದುಡ್ಡು ಮರದಲ್ಲಿ ಬೆಳೆಯಲ್ಲ. "ಅಣ್ಣ, ಇಪ್ಪತ್ತೇಳು ಆದರೆ ನನಗೆ ಅನುಕೂಲ" ಅಂದೆ.

"ಆಯ್ತು ತಮ್ಮಾ. ಆದ್ರೆ ಒಂದು ಮಾತು. ಈ ಶನಿವಾರ ಭಾನುವಾರ ನಿಟ್ಟೂರಲ್ಲಿ ಒಂದು ಮದುವೆ ಒಪ್ಕೊಂಡಿದೀನಿ. ಹೊಸ ಲೆನ್ಸು ಇನ್ನೂ ಬಂದಿಲ್ಲ. ಇದನ್ನೇ ಒಯ್ಯಬೇಕು. ಸೋಮವಾರ ಕೊಡ್ತೀನಿ."

ಇದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ನಾಟಕ ಅದರ ಮುಂದಿನ ಭಾನುವಾರ. ಪರೀಕ್ಷೆ ಮಾಡಿ ಸರಿ ಇದೆ ಅಂತ ಒಪ್ಪಿದ ಲೆನ್ಸು ಮತ್ತೆ ಎರಡು ದಿನ ಛತ್ರದ ನೂಕುನುಗ್ಗಲಿಗೆ ಹೋಗುತ್ತೆ. ಅಲ್ಲಿ ಏನಾದರೂ ಆದರೆ ಬೇರೆ ಹುಡುಕಲು ನನಗೆ ಸಮಯ ಇಲ್ಲ. ಯಾವ ಆನ್‌ಲೈನ್ ಸಲಹೆ ಕೇಳಿದರೂ 'ಎದ್ದು ಬಾ' ಅಂತಲೇ ಅನ್ನುತ್ತಿತ್ತು. ಅಪ್ಪನ ಕಡೆ ನೋಡಿದೆ. ಅವರು ಗೋಡೆಯ ಫೋಟೋ ನೋಡ್ತಿದ್ದರು, ನಿರ್ಧಾರ ನಿನ್ನದೇ ಅನ್ನುವ ಹಾಗೆ.

ಎರಡು ಸಾವಿರ ಅಡ್ವಾನ್ಸ್ ಕೊಟ್ಟೆ. ಅವರು ಸ್ಟುಡಿಯೋ ಬಿಲ್ ಪುಸ್ತಕದಲ್ಲಿ ಲೆನ್ಸಿನ ನಂಬರ್ ಸಮೇತ ಬರೆದು, ಸಹಿ ಮಾಡಿ ಕೊಟ್ಟರು. ಟೇಪನ್ನು ಮತ್ತೆ ಮೊದಲಿನ ಜಾಗಕ್ಕೇ ಸುತ್ತಿದರು.

ಆ ವಾರ ಮನೆಯಲ್ಲಿ ಅಮ್ಮನದೇ ರಾಜ್ಯ. "ದುಡ್ಡು ಕೊಟ್ಟು ಸಾಮಾನು ಅಲ್ಲೇ ಬಿಟ್ಟು ಬಂದ್ರಂತೆ, ಅಪ್ಪನೂ ಮಗನೂ!" ಪಕ್ಕದ ಮನೆಯ ಆಂಟಿವರೆಗೂ ಸುದ್ದಿ ಹೋಯ್ತು. ಭಾನುವಾರ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬಾಗಿಲ ಹತ್ತಿರ ಮಗಳನ್ನು ಕಳಿಸಿಕೊಡುತ್ತಿರುವ ಒಬ್ಬ ತಂದೆ. ಹಿಂದೆ ಜನ, ಬಣ್ಣದ ದೀಪ, ಎಲ್ಲ ಕರಗಿ ಹೋಗಿವೆ. ಮುಖ ಮಾತ್ರ ನಿಂತಿದೆ. ಕೆಳಗೆ ಬರೆದಿದ್ದರು: ಲೆನ್ಸು ಸೇಫ್. ಸೋಮವಾರ ನಾನೇ ತುಮಕೂರಿಗೆ ಬರ್ತೀನಿ.

ಬಂದರು. ಸತ್ಯಮಂಗಲದ ನಮ್ಮ ಮನೆಗೇ ಬಂದು, ಟೀ ಕುಡಿದು, ಟಾರ್ಚ್ ಬಿಟ್ಟು ಇನ್ನೊಂದು ಸಲ ನೋಡ್ಕೋ ಅಂತ ನನಗೇ ಹೇಳಿ, ಉಳಿದ ಇಪ್ಪತ್ತೈದು ಸಾವಿರ ತಗೊಂಡು ಹೋದರು. ಹೋಗುವ ಮುಂಚೆ ಲೆನ್ಸಿನ ಮುಚ್ಚಳ ಒಂದು ಸಲ ತೆಗೆದು ಹಾಕಿದರು. ಅಷ್ಟೇ. ಅಮ್ಮ ಲೆನ್ಸ್ ಎತ್ತಿ ನೋಡಿ, "ಇದೇನೋ ಬೆಲ್ಲದ ಅಚ್ಚಿಗಿಂತ ಭಾರ" ಅಂದರು.

ನಾಟಕ ಇದ್ದದ್ದು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ. ನಾನು ನಾಲ್ಕನೇ ಸಾಲಿನ ತುದಿಯಲ್ಲಿ ಕೂತಿದ್ದೆ, ರಂಗದಿಂದ ಸುಮಾರು ಹತ್ತು ಮೀಟರ್. ಅಷ್ಟು ದೂರದಲ್ಲಿ 200ರಲ್ಲಿ ಎಫ್ 2.8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಒಂದು ಅಡಿಗಿಂತ ಕಡಿಮೆ. ಕರ್ಣನ ಕಣ್ಣು ಸ್ಪಷ್ಟ ಇದ್ದರೆ ಅವನ ಹಿಂದೆ ಎರಡು ಹೆಜ್ಜೆಯಲ್ಲಿರುವ ಕೃಷ್ಣ ಮಂಜು. ದೀಪಗಳೆಲ್ಲ ಎಲ್‌ಇಡಿ, ನಮ್ಮ ಕರೆಂಟಿನ ಜತೆ ಸೆಕೆಂಡಿಗೆ ನೂರು ಸಲ ಮಿಣುಕುವಂಥವು. ಶಟರ್ 1/160 ಇಟ್ಟಾಗ ಕೆಲವು ಚಿತ್ರಗಳಲ್ಲಿ ಪಟ್ಟೆ ಬಂತು, 1/100ಕ್ಕೆ ಇಳಿಸಿದೆ, ಹೋಯ್ತು. ಮೌನದ ದೃಶ್ಯದಲ್ಲಿ ಫೋಕಸಿನ ಕಿರ್ರ್ ಸದ್ದಿಗೆ ಮುಂದಿನ ಸಾಲಿನ ಯಜಮಾನರು ಎರಡು ಸಲ ತಿರುಗಿ ನೋಡಿದರು. ಮೂರನೇ ಸಲದ ಹೊತ್ತಿಗೆ ಹಾರ್ಮೋನಿಯಂ ಶುರುವಾಗಿ ನನ್ನನ್ನು ಉಳಿಸಿತು.

ಪ್ರತಿ ಪದ್ಯ ಮುಗಿದ ಕೂಡಲೇ ನೆಂಟರು, ಗೆಳೆಯರು ಹಾರ ಹಿಡಿದು ರಂಗದ ಮೇಲೆ ಹತ್ತಿ ಪಾತ್ರಧಾರಿಗೆ ಅಡ್ಡ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಪಾತ್ರಧಾರಿಯ ಮುಖಕ್ಕೆ ಬೆಳಕು ಬೀಳುವ ಹೊತ್ತಿಗೆ ಯಾರದ್ದಾದರೂ ಬೆನ್ನು ಬಂದಿರುತ್ತೆ. ನಮ್ಮ ಮಾವನ ಬೆನ್ನಿನ ಅದ್ಭುತವಾದ ಹದಿನಾಲ್ಕು ಫೋಟೋಗಳು ನನ್ನ ಹತ್ತಿರ ಇವೆ.

ಆದರೆ ಕುಂತಿ ಬಂದು ತಾನು ಯಾರು ಅಂತ ಹೇಳುವ ದೃಶ್ಯದಲ್ಲಿ ಯಾರೂ ಹತ್ತಲಿಲ್ಲ. ಅಪ್ಪ ಮಂಡಿ ಊರಿ ಕೂತರು. ಆ ಮಂಡಿಯ ನೋವು ಎಷ್ಟು ಅಂತ ನನಗೆ ಗೊತ್ತು. ಕುಂತಿಯ ಕೈ ಅವರ ತಲೆ ಹತ್ತಿರ ಬಂತು, ಮುಟ್ಟಲಿಲ್ಲ. ಅಪ್ಪ ಮೇಲೆ ನೋಡಿದರು. ಐಎಸ್‌ಒ 2000, 1/100, ಎಫ್ 2.8. ಒಟ್ಟು ಆರುನೂರ ಚಿಲ್ಲರೆ ಫೋಟೋಗಳಲ್ಲಿ ನನಗೆ ಬೇಕಿದ್ದದ್ದು ಅದೊಂದೇ, ಸಿಕ್ಕಿತು.

ಮಾರನೇ ದಿನ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಹತ್ತಿರ ಬಂದು, ದೂರ ಹೋಗಿ ನೋಡಿದರು. ಕೊನೆಗೆ, "ಕಿರೀಟ ಎಡಕ್ಕೆ ವಾಲಿದೆ ಕಣೋ. ಮೇಕಪ್ಪಿನವನು ಒಂದು ಮಾತು ಹೇಳಬಾರದಿತ್ತೇ" ಅಂದರು. ಸಂಜೆ ಹೊತ್ತಿಗೆ ಅದೇ ಫೋಟೋ ಅವರ ವಾಟ್ಸಾಪ್ ಡಿಪಿ ಆಗಿತ್ತು.

ಗುಬ್ಬಿಯ ಅಣ್ಣನಿಗೂ ಕಳಿಸಿದೆ. ಒಂದು ಗಂಟೆ ಎರಡು ನೀಲಿ ಗೆರೆ, ಉತ್ತರ ಇಲ್ಲ. ಆಮೇಲೆ ಬಂತು: "ಎಫ್ ಎಷ್ಟಿಟ್ಟಿದ್ರಿ?" 2.8 ಅಂದೆ. "200ರಲ್ಲಿ 3.2 ಇಟ್ಟು ನೋಡಿ ತಮ್ಮಾ. ಇನ್ನೂ ಚೂಪಾಗಿ ಬರ್ತದೆ. ನಾನು ಯಾವಾಗ್ಲೂ ಹಂಗೇ ಇಡ್ತಿದ್ದಿದ್ದು."